ಒಂದು ನಿಮಿಷದ ಕಾಯಿಪಲ್ಲೆ

ಒಂದು ನಿಮಿಷದಲ್ಲಿ ನೀವು ಎಷ್ಟು ಕಾಯಿಪಲ್ಲೆಗಳ ಹೆಸರು ಹೇಳಬಲ್ಲಿರಿ?

ನಗಬೇಡಿ. ಪೇಪರ್ ಕೆಳಗಿಟ್ಟು, ಗಡಿಯಾರ ನೋಡಿಕೊಂಡು ಒಮ್ಮೆ ಹೇಳಿ ನೋಡಿ. ಬೆಂಡೆಕಾಯಿ, ಸೌತೆಕಾಯಿ ಅಂತ ಜೋರಾಗಿಯೇ ಶುರುವಾಗುತ್ತದೆ. ಸ್ವಲ್ಪ ದೂರ ಹೋದ ಮೇಲೆ ಬಾಯಿ ತಡವರಿಸುತ್ತದೆ. ವಾರದ ಸಂತೆಗೆ ಹೋಗಿ ಚೌಕಾಸಿ ಮಾಡುವವರಿಗೂ ಅಷ್ಟೇ. (ನಾನೂ ಹೇಳಿ ನೋಡಿದೆ. ಎಷ್ಟಾಯಿತು ಅಂತ ಮಾತ್ರ ಕೇಳಬೇಡಿ.)

ಈ ಆಟ ನಾನು ಕಟ್ಟಿದ್ದಲ್ಲ. ಬೆಳಗಾವಿಯ ಒಂದು ದೊಡ್ಡ ಆಸ್ಪತ್ರೆಯಲ್ಲಿ ಎಳೆಯ ವಯಸ್ಸಿನ ಡಾಕ್ಟರೊಬ್ಬರು ನಮ್ಮ ವೈನಿಯನ್ನು ಎದುರಿಗೆ ಕೂಡಿಸಿಕೊಂಡು ಆಡಿಸಿದ ಆಟ. ವೈನಿ ಅದರಲ್ಲಿ ಫೇಲಾದರು.

ವೈನಿ ಅಂದರೆ ನನ್ನ ಅಣ್ಣನ ಹೆಂಡತಿ. ಮೂಡಲಗಿಯ ಕಿರಾಣಿ ಅಂಗಡಿಯವರ ಮಗಳು. ಮದುವೆಯಾಗಿ ಹುಕ್ಕೇರಿ ತಾಲೂಕಿನ ನಮ್ಮ ಘೋಡಗೇರಿಗೆ ಬಂದಾಗ ನಾನು ಎರಡನೇ ಇಯತ್ತೆಯಲ್ಲಿದ್ದೆ. ನನ್ನ ತಲೆಗೆ ಎಣ್ಣೆ ಹಚ್ಚಿದ್ದು, ಮಗ್ಗಿ ಬಾಯಿಪಾಠ ಮಾಡಿಸಿದ್ದು ಅವರೇ. ಈಗ ಅರವತ್ತು ದಾಟಿದ್ದಾರೆ. ಅಷ್ಟಮಿ ಯಾವತ್ತು, ಚತುರ್ದಶಿ ಯಾವತ್ತು, ಯಾವ ಋತುವಿನಲ್ಲಿ ಬೀಸಿದ ಹಿಟ್ಟು ಎಷ್ಟು ದಿನ ನಡೆಯುತ್ತದೆ ಎಂದು ನಮ್ಮ ಮನೆಯಲ್ಲಿ ಯಾರೂ ಪಂಚಾಂಗ ತೆರೆಯುವುದಿಲ್ಲ, ವೈನಿಯನ್ನು ಕೇಳುತ್ತೇವೆ.

ಅಂಥವರನ್ನು ಮರೆವಿನ ಪರೀಕ್ಷೆಗೆ ಯಾಕೆ ಕರೆದುಕೊಂಡು ಹೋದಿರಿ ಅಂತ ಕೇಳುತ್ತೀರಿ. ಅಲ್ಲೇ ಇರುವುದು ಮಜಾ. ನಾವು ಕರೆದುಕೊಂಡು ಹೋದದ್ದು ವೈನಿಯನ್ನಲ್ಲ, ಅಣ್ಣನನ್ನು!

ಅಣ್ಣನ ಮರೆವು ಇಡೀ ಊರಿಗೆ ಗೊತ್ತು. ಚಾಳೀಸು, ಅಂದರೆ ಕನ್ನಡಕ, ಹಣೆಯ ಮೇಲಿಟ್ಟುಕೊಂಡು ಮನೆಯೆಲ್ಲ ಹುಡುಕುತ್ತಾನೆ. ಒಮ್ಮೆ ಸ್ಕೂಟರಿನಲ್ಲಿ ಹುಕ್ಕೇರಿಗೆ ಹೋಗಿ ಬಸ್ಸಿನಲ್ಲಿ ವಾಪಸ್ಸು ಬಂದಿದ್ದ. ಅರವತ್ತು ದಾಟಿದವರಿಗೆ ಪುಕ್ಕಟೆ ಮೆದುಳಿನ ಸ್ಕ್ಯಾನ್, ಮರೆವಿನ ರೋಗವನ್ನು ಮೊದಲೇ ಕಂಡುಹಿಡಿಯುವ ಹೊಸ ಕಂಪ್ಯೂಟರ್ ಪ್ರಯೋಗ ಅಂತ ನಾನೇ ಪೇಪರಿನಲ್ಲಿ ಓದಿದೆ. ನಾನಿರುವ ಗೋಕಾಕದಿಂದ ಫೋನ್ ಮಾಡಿ ಅಣ್ಣನನ್ನು ಒಪ್ಪಿಸಿದೆ. ಜೀಪು ಮಾಡಿಕೊಂಡು ಹೋದೆವು. ಜೊತೆಗಿರಲಿ ಅಂತ ವೈನಿ ಬಂದರು, ವೈನಿಯ ಜೊತೆಗಿರಲಿ ಅಂತ ಅವರ ಸೊಸೆ ಸುಜಾತಾ ಬಂದಳು.

ಡಾಕ್ಟರು ಮೈಸೂರು ಕಡೆಯವರು. ಒಳ್ಳೆಯ ಹುಡುಗ, ಸಮಾಧಾನದಿಂದ ಬಿಡಿಸಿ ಹೇಳಿದರು.

"ಕಂಪ್ಯೂಟರಿಗೆ ಮೊದಲು ಬೇರೆ ಬೇರೆಯವರ ಮೆದುಳಿನ ಸ್ಕ್ಯಾನ್ ತೋರಿಸ್ತೀವಿ ಸಾರ್. ಇವರಿಗೆ ಮರೆವಿನ ಕಾಯಿಲೆ ಇದೆ, ಇವರಿಗೆ ಇಲ್ಲ ಅಂತ ಹೇಳ್ತೀವಿ. ನೋಡ್ತಾ ನೋಡ್ತಾ ವ್ಯತ್ಯಾಸ ಏನು ಅಂತ ಅದೇ ಕಲಿಯುತ್ತೆ. ಕೃತಕ ಬುದ್ಧಿಮತ್ತೆ ಅಂತಾರೆ ಇದಕ್ಕೆ. ಮನೆಯವರಿಗೆ ಗೊತ್ತಾಗೋ ಮುಂಚೆನೇ ಅದಕ್ಕೆ ಗೊತ್ತಾಗಬೇಕು ಅನ್ನೋದು ನಮ್ಮ ಆಸೆ. ಇನ್ನೂ ಪ್ರಯೋಗದಲ್ಲಿದೆ."

"ಅಂದ್ರ ಕಂಪ್ಯೂಟರೂ ಸಾಲಿಗಿ ಹೋಗಾಕತ್ತೈತಿ ಅನ್ರಿ!" ಅಂದ ಅಣ್ಣ.

ಅಣ್ಣನ ಸ್ಕ್ಯಾನ್ ಆಯಿತು. ಪ್ರಶ್ನೆಗಳಾದವು. ಪರದೆಯ ಮೇಲೆ ಹಸಿರು ಪಟ್ಟಿ ಬಂತು. ಪಾಸು! ಸ್ಕೂಟರ್ ಮರೆತು ಬಂದ ಮನುಷ್ಯ ಪಾಸಾಗುತ್ತಾನೆ ಅಂದರೆ ಇದೆಂಥ ಯಂತ್ರವಯ್ಯಾ ಅಂತ ನನಗೆ ಆಗಲೇ ಅನುಮಾನ ಬಂದಿತ್ತು.

ಹುರುಪಿನಲ್ಲಿದ್ದ ಅಣ್ಣ, "ಪುಕ್ಕಟೆ ಐತಿ. ನೀನೂ ಮಾಡಿಸ್ಕೊ," ಅಂದ ವೈನಿಗೆ. ಸ್ಕ್ಯಾನ್ ಕೋಣೆಯೊಳಗೆ ಲೋಹ ಒಯ್ಯುವಂತಿಲ್ಲ. ತಾಳಿ ತೆಗೆಯಬೇಕು ಅಂದಾಗ ವೈನಿ ಅದನ್ನು ಮುಷ್ಟಿಯಲ್ಲಿ ಹಿಡಿದುಕೊಂಡರು. ಆಮೇಲೆ ಸುಜಾತಾ ಎಲ್ಲಿಂದಲೋ ಅರಿಷಿಣದ ಕೊಂಬು ತಂದು ದಾರಕ್ಕೆ ಕಟ್ಟಿ ಕೊರಳಿಗೆ ಹಾಕಿದಳು. ಯಂತ್ರ ಒಳಗೆ ಟಕಟಕ ಬಡಿಯುವಷ್ಟು ಹೊತ್ತೂ ವೈನಿ ಣಮೋಕಾರ ಮಂತ್ರ ಹೇಳುತ್ತ ಮಲಗಿದ್ದರಂತೆ.

ಆಮೇಲೆ ಪ್ರಶ್ನೆಗಳು. ಇವತ್ತು ಯಾವ ದಿನ ಅಂತ ಕೇಳಿದರು ಡಾಕ್ಟರು. "ಅಷ್ಟಮಿ," ಅಂದರು ವೈನಿ. ಡಾಕ್ಟರಿಗೆ ಅಷ್ಟಮಿ ಅಂದರೆ ಎಷ್ಟನೇ ತಾರೀಖು ಅಂತ ಗೊತ್ತಾಗಬೇಕಲ್ಲ? ಅಣ್ಣನ ಮುಖ ನೋಡಿದರು. ಅಣ್ಣ ಹೆಮ್ಮೆಯಿಂದ, "ಬರಕೋರಿ ಸಾಹೇಬ್ರ, ಆಕೀದು ತಪ್ಪೂದಿಲ್ಲ. ಇವತ್ತ ಆಕೀದು ಉಪಾಸ ಐತಿ," ಅಂದ.

ಕೊನೆಗೆ ಕಾಯಿಪಲ್ಲೆ. ವೈನಿ ಶುರು ಮಾಡಿದರು. "ಬೆಂಡಿಕಾಯಿ. ಸವತಿಕಾಯಿ. ಚವಳಿಕಾಯಿ." ಸ್ವಲ್ಪ ತಡೆದರು. "ಬೆಂಡಿಕಾಯಿ." ಮತ್ತೆ ತಡೆದರು. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡರು. "ಬೆಂಡಿಕಾಯಿ," ಅಂದರು. ನಿಮಿಷ ಮುಗಿಯಿತು.

ಪರದೆಯ ಮೇಲೆ ಕೆಂಪು ಪಟ್ಟಿ.

ಅಣ್ಣನಿಗೆ ಎಲ್ಲಿತ್ತೋ ಸಿಟ್ಟು! "ಡಾಕ್ಟರ್ ಸಾಹೇಬ್ರ, ನಾವು ಜೈನರದೀವ್ರಿ. ಬಟಾಟಿ, ಉಳ್ಳಾಗಡ್ಡಿ, ಗಜ್ಜರಿ ಯಾಕ ಹೇಳ್ತಾಳ ಆಕಿ? ನೆಲದಾಗಿನ ಗಡ್ಡಿ ಒಂದೂ ನಡ್ಯೂದಿಲ್ಲ. ಅದರಾಗ ಈಗ ಚಾತುರ್ಮಾಸ. ತಪ್ಪಲ ಪಲ್ಯಾನೂ ಬಂದ್. ಮತ್ತೇನ್ ಉಳೀತ್ರಿ ಹೇಳಾಕ? ನಿಮ್ಮ ಕಂಪ್ಯೂಟರ್‌ಗೆ ಇದೆಲ್ಲಾ ಕಲಿಸೀರೇನು?"

ಡಾಕ್ಟರು ನಿಜಕ್ಕೂ ಪೆಚ್ಚಾದರು. "ಇದು ನಮಗೆ ಹೊಳೆದೇ ಇರಲಿಲ್ಲ ಸಾರ್. ಪ್ರಶ್ನೆ ಬದಲಾಯಿಸಬೇಕು, ಒಪ್ಕೋತೀನಿ. ಆದ್ರೆ ಸ್ಕ್ಯಾನಿನಲ್ಲೂ ಒಂಚೂರು..."

ಆ ವಾಕ್ಯದ ಉಳಿದರ್ಧ ಯಾರು ಕೇಳಿದರು? ಅಣ್ಣ ಆಗಲೇ ಎದ್ದು ಚಪ್ಪಲಿ ಮೆಟ್ಟಿದ್ದ.

ವಾಪಸ್ಸು ಬರುವಾಗ ಹೈವೇ ಮೇಲೆ ಯಮಕನಮರಡಿಯಲ್ಲಿ ಜೀಪು ನಿಲ್ಲಿಸಿ ಚಹಾ ಕುಡಿದೆವು. ಅಣ್ಣ ಬಟಾಟಿಯ ಮಾತನ್ನು ಡ್ರೈವರನಿಗೆ ಹೇಳಿದ, ಚಹಾದಂಗಡಿಯವನಿಗೆ ಹೇಳಿದ. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಉಪವಾಸವಿದ್ದ ವೈನಿ ಜೀಪಿನಲ್ಲೇ ಕೂತಿದ್ದರು. ಅವರೂ ನಕ್ಕರು. ನಾನೇ ನೋಡಿದೆ.

ನನಗಂತೂ ಹಬ್ಬ. ಕಾಲಂ ಬರೆಯುವವನಿಗೆ ಇದಕ್ಕಿಂತ ಏನು ಬೇಕು ಹೇಳಿ? ಬಟಾಟೆ ಅನ್ನಲಿಲ್ಲ ಅಂತ ಒಬ್ಬ ಜೈನ ಹೆಣ್ಣುಮಗಳನ್ನು ಹುಚ್ಚಿ ಮಾಡುವ ಯಂತ್ರ! ತಲೆಬರಹ ಕೂಡ ತಯಾರಾಗಿತ್ತು. ಮೂಡಲಗಿಯಲ್ಲಿ ವೈನಿಯ ತವರಿನವರ ಮನೆಯಲ್ಲಿ ಒಂದು ಕುಬಸದ, ಅಂದರೆ ಸೀಮಂತದ, ಕಾರ್ಯಕ್ಕೆ ಹೋದಾಗ ಪಂಕ್ತಿಯಲ್ಲಿ ಕೂತು ಇದನ್ನೇ ಹೇಳಿ ನಗಿಸಿದೆ. ಗೋಕಾಕದಲ್ಲಿ ಸಿಕ್ಕವರಿಗೆಲ್ಲ ಹೇಳಿದೆ. ಒಬ್ಬರು ಕರದಂಟು ತಿನ್ನುತ್ತಿದ್ದವರು ನಕ್ಕು ನೆತ್ತಿಗೇರಿಸಿಕೊಂಡರು.

ಒಬ್ಬಳು ಮಾತ್ರ ನಗಲಿಲ್ಲ. ನನ್ನ ಹೆಂಡತಿ.

ಹೊತ್ತು ಮುಳುಗುವ ಮುಂಚೆ ಊಟ ಮುಗಿಯಬೇಕಲ್ಲ, ಆಕೆ ಅವಸರದಲ್ಲಿ ರೊಟ್ಟಿ ಬಡಿಯುತ್ತಿದ್ದಳು. ನಾನು ಅಡುಗೆಮನೆ ಬಾಗಿಲಲ್ಲಿ ನಿಂತು, ಯಾರಿಗೋ ಫೋನಿನಲ್ಲಿ ಹೇಳಿದ ಕತೆಯನ್ನೇ ಅವಳಿಗೆ ಮತ್ತೊಮ್ಮೆ ಹೇಳಿದೆ. ಆಕೆ ತಲೆಯೆತ್ತದೆ ಕೇಳಿದಳು. "ಗಡಿಯಾರ ನೋಡ್ರಿ," ಅಂದಳು.

"ಯಾಕ?"

"ನೋಡ್ರಿ ಅಂದ್ರ ನೋಡ್ರಿ. ಹೀರೀಕಾಯಿ, ಹಾಗಲಕಾಯಿ, ಪಡವಲಕಾಯಿ, ತೊಂಡಿಕಾಯಿ, ಸೋರೀಕಾಯಿ, ಕುಂಬಳಕಾಯಿ, ಚವಳಿಕಾಯಿ, ಬೆಂಡಿಕಾಯಿ, ನುಗ್ಗಿಕಾಯಿ, ಅವರಿಕಾಯಿ, ಸವತಿಕಾಯಿ, ಬಾಳಿಕಾಯಿ, ಡೊಣಮೆಣಸಿನಕಾಯಿ..."

ರೊಟ್ಟಿ ಒಲೆಯ ಮೇಲೆ ಉಬ್ಬಿತು. ಆಕೆ ಅದನ್ನು ತಿರುವಿ ಹಾಕಿ ಮತ್ತೆ ಮುಂದುವರಿಸಿದಳು. ನಿಮಿಷ ಇನ್ನೂ ಮುಗಿದಿರಲಿಲ್ಲ.

"ಒಂದರ ಬಟಾಟಿ ಬಂತೇನ್ರಿ?" ಅಂದಳು.

ನನ್ನ ನಗು ಅಲ್ಲಿಗೆ ನಿಂತಿತು. ಮೂರು ಸಲ ಬೆಂಡಿಕಾಯಿ ಅಂದಿದ್ದರಲ್ಲ ವೈನಿ? ಅದನ್ನು ನಾನು ಕೇಳಿಯೂ ಕೇಳಿರಲಿಲ್ಲ. ಕಾಲಂ ಬರೆದಿಡಬೇಕೆಂದು ಕೂತವನು ಬರೆಯಲಿಲ್ಲ. ಮರುದಿನ ಬಸ್ಸು ಹಿಡಿದು ಘೋಡಗೇರಿಗೆ ಹೋದೆ.

ಮಧ್ಯಾಹ್ನದ ಹೊತ್ತು. ಅಣ್ಣ ಹೊಲಕ್ಕೆ ಹೋಗಿದ್ದ. ವೈನಿ ಹಿತ್ತಲಿನಲ್ಲಿದ್ದರು. ಮುಂಜಾನೆಯೆಲ್ಲ ಅವರದು ಮೌನ, ಈ ವರ್ಷ ಹಿಡಿದ ಹೊಸ ವ್ರತ. ಮಧ್ಯಾಹ್ನ ಊಟವಾದ ಮೇಲೆ ಮಾತು. ಬೇಲಿಯ ಮೇಲೆ ಹಬ್ಬಿದ್ದ ಬಳ್ಳಿಯ ಹತ್ತಿರ ನಿಂತಿದ್ದರು. ನಾನು ಹೇಗೆ ಶುರು ಮಾಡಲಿ ಅಂತ ಒದ್ದಾಡುತ್ತಿದ್ದೆ.

"ವೈನಿ, ಅವತ್ತ ಡಾಕ್ಟರ್ ಕೇಳಿದ್ರಲ್ಲಾ..."

ವೈನಿ ಒಂದು ಕಾಯಿ ಹರಿದು ನನ್ನ ಕೈಗೆ ಕೊಟ್ಟರು. "ಇದ ಏನ ಹೇಳು?"

"ಹೀರೀಕಾಯಿ."

"ನಿನಗ ಲಗೂನ ಬಂತು ನೋಡು," ಅಂದರು. "ಅವತ್ತ ಇದರ ಹಳದಿ ಹೂ ಕಣ್ಣಮುಂದ ಬಂತು. ಮೈಮ್ಯಾಲಿನ ಗೆರಿ ಬಂತು. ಸಿಪ್ಪಿ ಚಟ್ನಿ ಅರ್ಯೂದ ಸೈತ ನೆನಪಾತು. ಹೆಸರ ಮಾತ್ರ ಬರಲಿಲ್ಲ ತಮ್ಮಾ. ಬೆಂಡಿಕಾಯಿ ಒಂದ ಬಾಯಾಗ ಸಿಕ್ಕೊಂಡ ಕುಂತಿತ್ತು."

"ಮತ್ತ ಅಣ್ಣ ಹೇಳಿದ್ದು? ಬಟಾಟಿ..."

"ಬಟಾಟಿ ಅಂದ್ರ ವ್ರತಾ ಕೆಡತೈತೇನೋ? ತಿನಬಾರದು, ಖರೆ. ಹೆಸರ ಹೇಳಬಾರದು ಅಂತ ಎಲ್ಲೈತಿ? ನಿಮ್ಮಣ್ಣ ಅಂದ್ರು. ನೀವೆಲ್ಲಾ ನಕ್ಕಿದ್ರಿ. ನನಗೂ ಅದ ಚಲೋ ಅನಿಸ್ತು. ನಾನೂ ನಕ್ಕೆ."

ನಾನು ಹೀರೇಕಾಯಿ ಹಿಡಿದುಕೊಂಡು ನಿಂತೇ ಇದ್ದೆ. ವೈನಿ ತಾವೇ ಮಾತಾಡಿದರು. ಇಷ್ಟು ದಿನ ಯಾರಾದರೂ ಕೇಳಲಿ ಅಂತ ಕಾದಿದ್ದವರ ಹಾಗೆ.

"ಅವತ್ತ ಅಷ್ಟಮಿ ಅಲ್ಲ. ನವಮಿ. ಅಷ್ಟಮಿ ಉಪಾಸ ಹಿಂದಿನ ದಿನಾನ ಮಾಡಿದ್ದೆ. ಮರತ, ಮರುದಿನಾನೂ ಮಾಡಿದೆ. ಬಸದಿಯೊಳಗ ಹೆಣ್ಮಕ್ಕಳು, ಬೆನ್ನಬೆನ್ನಿಗೆ ಎರಡ ಉಪಾಸ ಮಾಡ್ಯಾರ, ಎಷ್ಟ ಪುಣ್ಯವಂತರು ಅಂದ್ರು. ಸುಜಾತಾ ಕಾಲಿಗಿ ನಮಸ್ಕಾರ ಮಾಡಿದ್ಲು. ನಾ ಏನಂತ ಹೇಳ್ಲಿ?"

"ಮೌನಾನೂ...?"

"ಮುಂಜಾನಿ ಎದ್ದ ಕೂಡ್ಲೆ ಸುಜಾತಾನ ಹೆಸರ ಬರಾಕ ತಡಾ ಆಗತೈತಿ. ಏ ಅಂತ ಕರಿಯೂದು, ಇವಳ ಅಂತ ಕರಿಯೂದು, ಚಂದ ಕಾಣಸ್ತೈತೇನು? ಅದಕ್ಕ ಮೌನಾ ಹಿಡದೆ. ಮೌನದಾಗ ಯಾರ ಹೆಸರೂ ಬೇಕಾಗೂದಿಲ್ಲ."

ಈ ಮೌನವನ್ನು ಎಷ್ಟು ಹೊಗಳಿದ್ದೆವು! ವೈನಿ ಮಾತು ನಿಲ್ಲಿಸಿದ ಮುಂಜಾನೆಗಳಲ್ಲಿ ಮನೆಯವರೆಲ್ಲ ದನಿ ತಗ್ಗಿಸಿ ಓಡಾಡುತ್ತಿದ್ದರು. ರೇಡಿಯೊ ಹಚ್ಚುತ್ತಿರಲಿಲ್ಲ. ನಾನೇ ನನ್ನ ಹೆಂಡತಿಗೆ, ನೀನೂ ವೈನಿಯ ಹಾಗೆ ಮೌನ ಹಿಡಿಯಬಾರದೇ ಅಂತ ಚೇಷ್ಟೆ ಮಾಡಿದ್ದೆ. (ಆಕೆ ಏನಂದಳು ಅನ್ನುವುದು ಇಲ್ಲಿ ಬೇಡ.)

"ಮೊದಲ ಯಾಕ ಹೇಳಲಿಲ್ಲ ವೈನಿ?"

"ಹೇಳಿದ್ರ ಒಲಿ ಮುಂದಿಂದ ಎಬ್ಬಸ್ತೀರಿ. ಮದಿವ್ಯಾಗಿ ಬಂದಾಗಿಂದ ನಿಂತ ಜಾಗಾ ಅದು."

"ಮತ್ತ ಈಗ್ಯಾಕ ಹೇಳಾಕತ್ತೀರಿ?"

"ಐತವಾರ ನಮ್ಮ ಮನ್ಯಾಗ ಚೌಕಾ ಐತೆಲ್ಲೋ," ಅಂದರು.

ಗೊತ್ತಿಲ್ಲದವರಿಗೆ ಸ್ವಲ್ಪ ಹೇಳಬೇಕು. ಐತವಾರ ಅಂದರೆ ಭಾನುವಾರ. ಈ ಮಳೆಗಾಲ ನಮ್ಮೂರ ಬಸದಿಯಲ್ಲಿ ಮುನಿಗಳೊಬ್ಬರು ಚಾತುರ್ಮಾಸಕ್ಕೆ ನಿಂತಿದ್ದಾರೆ. ಅವರಿಗೆ ದಿನಕ್ಕೆ ಒಂದೇ ಹೊತ್ತು ಆಹಾರ, ನಿಂತುಕೊಂಡು, ಬೊಗಸೆಯಲ್ಲಿ. ಅದಕ್ಕಾಗಿ ಮಡಿಯಿಂದ ಅಡುಗೆ ಮಾಡಿಟ್ಟುಕೊಳ್ಳುವುದಕ್ಕೆ ಚೌಕಾ ಅನ್ನುತ್ತೇವೆ. ನೀರು ಸೋಸಿ ಕಾಯಿಸಿರಬೇಕು. ಹಿಟ್ಟು ದಿನ ಮೀರಿರಬಾರದು. ಊಟದ ನಡುವೆ ಬೊಗಸೆಯಲ್ಲಿ ಒಂದು ಕೂದಲು ಕಂಡರೂ ಮುನಿಗಳು ಬೊಗಸೆ ಬಿಟ್ಟು ಊಟ ನಿಲ್ಲಿಸಿಬಿಡುತ್ತಾರೆ. ಮರುದಿನದವರೆಗೆ ಹನಿ ನೀರೂ ಇಲ್ಲ. ಅಂದು ಯಾರ ಬಾಗಿಲಲ್ಲಿ ನಿಲ್ಲುತ್ತಾರೆ ಅಂತ ಮೊದಲೇ ಗೊತ್ತಾಗುವುದಿಲ್ಲ. ನಿಂತರೆ, ಮನೆಯವರು ಕೈಮುಗಿದು ಬರಮಾಡಿಕೊಂಡು ಎದುರಿಗೆ ಬಾಯಿಬಿಟ್ಟು ಹೇಳಬೇಕು: ಮನಶುದ್ಧಿ, ವಚನಶುದ್ಧಿ, ಕಾಯಶುದ್ಧಿ, ಆಹಾರ ಜಲ ಶುದ್ಧ. ನಮ್ಮ ಮನೆಯಲ್ಲಿ ಯಾವಾಗಲೂ ಆ ಮಾತನ್ನು ಮೊದಲು ಹೇಳುವವರು ವೈನಿ.

"ಆಹಾರ ಜಲ ಶುದ್ಧ ಐತಿ ಅಂತ ಹೇಳಬೇಕೆಲ್ಲೋ ತಮ್ಮಾ. ನೀರ ಸೋಸಿದ್ನೋ ಇಲ್ಲೋ ಅಂತ ನೆನಪಿಲ್ಲದಾಕಿ ಹೆಂಗ ಹೇಳ್ಲಿ? ನಿಮ್ಮ ಮುಂದ ಸುಳ್ಳ ನಕ್ಕೆ, ನಡೀತು. ಅವರ ಮುಂದ ಸುಳ್ಳ ಹೇಳಾಕ ಆಗೂದಿಲ್ಲ. ನಿಮ್ಮಣ್ಣಗ ನೀನ ಹೇಳು."

ಅಣ್ಣನಿಗೆ ಹೇಳಿದೆ. ಮೊದಲು ನನ್ನ ಮೇಲೆಯೇ ಹರಿಹಾಯ್ದ. "ಆ ಡಬ್ಬೀ ಮಾತ ಕೇಳಿ ಮನೀ ಹೆಣ್ಮಗಳಿಗೆ ಹಣೀಪಟ್ಟಿ ಹಚ್ಚಾಕತ್ತೀ ಏನು? ನಾಕ ಮಂದಿಗೆ ಗೊತ್ತಾದ್ರ ಆಕಿನ್ನ ಚೌಕಾದಾಗ ನಿಂದ್ರಾಕ ಬಿಡೂದಿಲ್ಲ!"

"ಬಿಡಬಾರದು ಅಂತನ ಹೇಳಾಕತ್ತೇನ್ರಿ," ಅಂದರು ಒಳಗಿನಿಂದ ಬಂದ ವೈನಿ.

ಅಣ್ಣ ಅವರ ಮುಖ ನೋಡಿದ. ಸಿಟ್ಟು ಇಳಿಯಿತು. ಕಟ್ಟೆಯ ಮೇಲೆ ಕೂತುಬಿಟ್ಟ. ಅಪ್ಪ ಸತ್ತಾಗಲೂ ಗಟ್ಟಿಯಾಗಿದ್ದ ಮನುಷ್ಯ ಅವತ್ತು ಟವೆಲ್ಲಿನಿಂದ ಮುಖ ಮುಚ್ಚಿಕೊಂಡು ಅತ್ತ. ಇಷ್ಟು ವರ್ಷ ತಾನು ಮರೆತದ್ದನ್ನೆಲ್ಲ ನೆನಪಿಟ್ಟುಕೊಂಡು ಬಂದವಳು ಆಕೆ. ಈಗ ಆಕೆಯದನ್ನು ಯಾರು ನೆನಪಿಟ್ಟುಕೊಳ್ಳಬೇಕು?

ಶುಕ್ರವಾರ ಮತ್ತೆ ಬೆಳಗಾವಿ. ಈ ಸಲ ಡಾಕ್ಟರ ವಾಕ್ಯದ ಉಳಿದರ್ಧವನ್ನೂ ಕೇಳಿದೆವು. ಸ್ಕ್ಯಾನಿನಲ್ಲಿ ನೆನಪಿಗೆ ಸಂಬಂಧಪಟ್ಟ ಭಾಗ ವಯಸ್ಸಿಗೆ ಇರಬೇಕಾದುದಕ್ಕಿಂತ ತುಸು ಸಣ್ಣಗಾಗಿದೆ ಅಂತ ಕಂಪ್ಯೂಟರ್ ಅಂದಿತ್ತಂತೆ. ಆದರೆ ಅದೊಂದನ್ನೇ ನಂಬಿ ತೀರ್ಪು ಕೊಡುವಷ್ಟು ಅದು ಇನ್ನೂ ಕಲಿತಿಲ್ಲ ಅಂದರು. ವೈನಿ ತಾವೇ ಎಲ್ಲ ಹೇಳಿದರು. ಎರಡು ಉಪವಾಸ, ಮೌನ, ಹೀರೇಕಾಯಿ. ಡಾಕ್ಟರು ಬರೆಯುವುದನ್ನು ನಿಲ್ಲಿಸಿ ಕೇಳಿದರು.

"ಇದು ಯಾವ ಸ್ಕ್ಯಾನಿನಲ್ಲೂ ಕಾಣಲ್ಲ ಅಮ್ಮ. ನೀವೇ ಹೇಳಿದ್ರಲ್ಲ, ತುಂಬಾ ಒಳ್ಳೆಯದಾಯ್ತು."

ರಕ್ತ ಪರೀಕ್ಷೆ ಮಾಡಿಸಿದರು. ಒಂದು ವಿಟಮಿನ್ ಬಹಳ ಕಡಿಮೆಯಿದೆ, ಅದರಿಂದಲೂ ನೆನಪು ಕುಂದುತ್ತದೆ, ಇಂಜೆಕ್ಷನ್ ಕೊಟ್ಟು ನೋಡೋಣ ಅಂದರು. ಸುಧಾರಿಸಬಹುದು. ಸುಧಾರಿಸದೆಯೂ ಇರಬಹುದು. ಬೇಗ ಬಂದದ್ದಕ್ಕೆ ನೋಡುವುದಕ್ಕಾದರೂ ದಾರಿ ಇದೆ. ನನಗೆ ಆ ಹುಡುಗನ ಮೇಲೆ, ಅವರ ಕಲಿಯುತ್ತಿರುವ ಕಂಪ್ಯೂಟರಿನ ಮೇಲೆ ಇದ್ದ ಸಿಟ್ಟೆಲ್ಲ ಕರಗಿತು. ಪಾಪ, ಅದಕ್ಕೆ ಜೈನರ ಅಡುಗೆಮನೆ ಗೊತ್ತಿರಲಿಲ್ಲ, ನಿಜ. ನಮಗೆ ಗೊತ್ತಿತ್ತಲ್ಲ? ಗೊತ್ತಿದ್ದುಕೊಂಡು ಅದನ್ನೇ ಕಣ್ಣಿಗೆ ಅಡ್ಡ ಹಿಡಿದೆವು.

ಮೊನ್ನೆ ಭಾನುವಾರ ಮುನಿಗಳು ನಮ್ಮ ಬಾಗಿಲಲ್ಲೇ ನಿಂತರು.

ನಾನು ಹಿಂದೆ ಗೋಡೆಗೆ ಒರಗಿ ನಿಂತಿದ್ದೆ. ಅಣ್ಣ, ವೈನಿ, ಸುಜಾತಾ ಮುಂದೆ. ಮುಂಜಾನೆ ನೀರು ಸೋಸಿದ್ದು, ಹಿಟ್ಟು ನೋಡಿದ್ದು ಸುಜಾತಾ. ಪಕ್ಕದಲ್ಲಿ ಕೂತು ಹೀರೇಕಾಯಿ ಹೆಚ್ಚಿದ್ದು ವೈನಿ. ಒಲೆಯ ಮುಂದಿನಿಂದ ಅವರನ್ನು ಯಾರೂ ಎಬ್ಬಿಸಿರಲಿಲ್ಲ. ಅಂದು ಅವರು ಮೌನವನ್ನೂ ಹಿಡಿದಿರಲಿಲ್ಲ. ಎದ್ದ ಕೂಡಲೇ ಸೊಸೆಯನ್ನು "ಏ ಇವಳ" ಅಂತಲೇ ಕರೆದರಂತೆ, ಸೊಸೆ ನಗುತ್ತ "ಸುಜಾತಾರಿ ಅತ್ತಿ" ಅಂದಳಂತೆ.

ವೈನಿ ಕೈಮುಗಿದು ತಲೆಬಾಗಿಸಿದರು. "ಮನಶುದ್ಧಿ, ವಚನಶುದ್ಧಿ, ಕಾಯಶುದ್ಧಿ," ಅಂದರು. ಗಟ್ಟಿ ದನಿ, ಒಂದಕ್ಷರ ತಡವರಿಸಲಿಲ್ಲ. ಅಲ್ಲಿಗೆ ನಿಲ್ಲಿಸಿ ಸೊಸೆಯ ಕಡೆ ತಿರುಗಿದರು. "ಆಹಾರ ಜಲ ಶುದ್ಧ," ಅಂದಳು ಸುಜಾತಾ. ಮುನಿಗಳು ಒಳಗೆ ಹೆಜ್ಜೆ ಇಟ್ಟರು.

ಬೊಗಸೆಗೆ ಮೊದಲ ನೀರು ಎರೆದದ್ದು ವೈನಿಯೇ. ಮುನಿಗಳ ಆಹಾರ ತಡೆಯಿಲ್ಲದೆ ಮುಗಿಯಿತು. ಅಣ್ಣ ಮಾತ್ರ ಆ ಗಡಿಬಿಡಿಯಲ್ಲಿ ಚಾಳೀಸು ಎಲ್ಲಿಟ್ಟೆ ಅಂತ ಹುಡುಕುತ್ತಿದ್ದ. ವೈನಿ ಅವನ ಹಣೆಯ ಕಡೆ ಬೆರಳು ಮಾಡಿ ತೋರಿಸಿದರು.

ಮನೆಯವರಿಗೆ ಗೊತ್ತಾಗುವ ಮುಂಚೆ ಯಂತ್ರಕ್ಕೆ ಗೊತ್ತಾಗಬೇಕು ಅಂದಿದ್ದರು ಡಾಕ್ಟರು. ಆ ಕಂಪ್ಯೂಟರ್ ಇನ್ನಷ್ಟು ಕಲಿಯಲಿ, ಹೀರೇಕಾಯಿ ಬಟಾಟೆ ಎರಡನ್ನೂ ಕಲಿಯಲಿ, ಗೋಕಾಕ ಹುಕ್ಕೇರಿಯವರೆಗೂ ಬರಲಿ. ನನ್ನ ತಕರಾರೇನಿಲ್ಲ. ಅದು ಬರುವತನಕ ನಾನು ಕೇಳುವುದು ಒಂದೇ.

ನಿಮ್ಮ ಮನೆಯಲ್ಲಿ ಯಾರ ಮೌನವನ್ನು ನೀವು ವ್ರತ ಅಂದುಕೊಂಡು ಕೈಮುಗಿಯುತ್ತಿದ್ದೀರಿ?